ರೂಪ ಬದಲಾದ ಮೇಲೆ

ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸುವ ಹೆಂಗಸು ನಾನು. ಮೊಮ್ಮಗಳ ದೆಸೆಯಿಂದ ಜಪಾನಿನ ಕಾರ್ಟೂನ್ ನೋಡತೊಡಗಿದ ಮೇಲೆ ನನಗೊಂದು ಹೊಸ ತಲೆನೋವು ಹತ್ತಿಕೊಂಡಿತು. ಅಲ್ಲಿನ ಹುಡುಗಿಯರು ಮಾಯೆಯಿಂದ ಬೇರೊಬ್ಬರಾಗುತ್ತಾರಲ್ಲ, ಅದು ವೇಷವೋ, ರೂಪಾಂತರವೋ, ಮರುಹುಟ್ಟೋ?

ಈ ವಂಶದ ಹಿರಿಯಜ್ಜಿ ಎನ್ನಬಹುದಾದವಳು ರಾಜಕುಮಾರಿ ಸಫೈರ್. ಒಸಾಮು ತೆಜುಕಾ 1953ರಲ್ಲಿ ಬರೆಯತೊಡಗಿದ ಚಿತ್ರಕಥೆಯ ನಾಯಕಿ. 1967ರಲ್ಲಿ ಟೀವಿಗೂ ಬಂದಳು. ಹುಟ್ಟುವ ಮೊದಲೇ ತುಂಟ ದೇವದೂತನೊಬ್ಬನಿಂದಾಗಿ ಅವಳಿಗೆ ಗಂಡಿನದೊಂದು, ಹೆಣ್ಣಿನದೊಂದು ಎರಡು ಹೃದಯ. ಆದರೆ ಅವಳು ಗಂಡುಡುಗೆ ತೊಟ್ಟದ್ದಕ್ಕೆ ಮಾಯೆ ಕಾರಣವಲ್ಲ. ಹೆಣ್ಣಿಗೆ ಸಿಂಹಾಸನವಿಲ್ಲ ಎಂಬ ಕಾನೂನು. ತೆಜುಕಾ ಬೆಳೆದದ್ದು ತಕರಾಜುಕಾ ಊರಿನಲ್ಲಿ. ಅಲ್ಲಿನ ಪ್ರಸಿದ್ಧ ನಾಟಕ ಕಂಪನಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಾರೆ.

1969ರಲ್ಲಿ ಟೀವಿಗೆ ಬಂದ ಅಕ್ಕೊಳದು ಸರಳ: ಕನ್ನಡಿಗೆ ಹೇಳಿದರೆ ಬೇಕಾದವಳಾಗುತ್ತಾಳೆ. ಇದು ರೂಪಾಂತರ, ಸಂದೇಹವಿಲ್ಲ.

ತೊಡಕು ಶುರುವಾಗುವುದು 1992ರ ಸೇಲರ್ ಮೂನ್‌ನಲ್ಲಿ. ಹದಿನಾಲ್ಕರ ಉಸಾಗಿ ಮಂತ್ರ ಹೇಳಿ ಯೋಧೆಯಾಗುತ್ತಾಳೆ. ಮುಖವಾಡವಿಲ್ಲ, ಜಡೆಯೂ ಅದೇ, ಆದರೂ ಗೆಳತಿಗೆ ಗುರುತು ಸಿಗುವುದಿಲ್ಲ! ಆಮೇಲೆ ತಿಳಿಯುತ್ತದೆ, ಅವಳು ಹಿಂದೆ ಚಂದ್ರಲೋಕದ ರಾಜಕುಮಾರಿ. ತಾಯಿ ಪ್ರಾಣ ತೆತ್ತು ಮಗಳನ್ನು ಭೂಮಿಯಲ್ಲಿ ಮತ್ತೆ ಹುಟ್ಟುವಂತೆ ಮಾಡಿದ್ದಳು. ಒಬ್ಬಳೇ ಹುಡುಗಿ ಮೂರೂ ಡಬ್ಬಿಗೆ ಸೇರಿದಳು.

1996ರಲ್ಲಿ ಬಂದ ಕೊನೆಯ ಭಾಗದಲ್ಲಿ ಮೂವರು ಗಾಯಕರಿದ್ದಾರೆ. ಮೂಲ ಕಥೆ ಬರೆದ ನಾವೊಕೊ ತಾಕೆವುಚಿಯ ಪುಸ್ತಕದಲ್ಲಿ ಅವರು ಗಂಡುಡುಗೆಯ ಹೆಂಗಸರು. ಟೀವಿಯಲ್ಲಿ ಮಾತ್ರ ಗಂಡಸರಾಗಿದ್ದು, ಯುದ್ಧಕ್ಕೆ ನಿಂತಾಗ ಹೆಂಗಸರಾಗುತ್ತಾರೆ. ಇಟಲಿಯವರಿಗೆ ಇದು ಸರಿಬರಲಿಲ್ಲ. ಅಲ್ಲಿನ ಡಬ್ಬಿಂಗ್‌ನಲ್ಲಿ, ಹೋರಾಡಲು ಬರುವವರು ಆ ಗಾಯಕರ ಅವಳಿ ಸೋದರಿಯರು ಎಂದುಬಿಟ್ಟರು. ಕಂಡದ್ದನ್ನು ಒಪ್ಪಲಾಗದಿದ್ದರೆ ಇಲ್ಲದ ಅಕ್ಕತಂಗಿಯರನ್ನಾದರೂ ಹುಟ್ಟಿಸಬೇಕಲ್ಲ!

ಸಫೈರಳ ಕಾನೂನಿಗೂ ಈ ಡಬ್ಬಿಂಗಿಗೂ ಏನೋ ನಂಟಿದೆ ಅನ್ನಿಸಿತು. ‘ಇವಳು ನಿಜವಾಗಿ ಯಾರು’ ಎಂದು ತೀರ್ಮಾನಿಸಿದವರು ಎರಡೂ ಕಡೆ ಹೊರಗಿನವರೇ. ನಮ್ಮಲ್ಲೂ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಿದ್ದರು. ನನ್ನ ಅಮ್ಮನಿಗೂ ಇಟ್ಟರು. ತವರಿನಲ್ಲೊಂದು ಹೆಸರು, ಗಂಡನ ಮನೆಯಲ್ಲೊಂದು. ಎರಡಕ್ಕೂ ಓಗೊಡುತ್ತಿದ್ದಳು. ಯಾವುದು ಇಷ್ಟವೆಂದು ಕೇಳಿದವರನ್ನು ನಾನು ಕಾಣೆ.

ಅದಕ್ಕೇ ಈಗ ನಾನು ಬದಲಾದದ್ದೇನು ಎಂದು ಹುಡುಕುವುದಕ್ಕಿಂತ ಉಳಿದದ್ದೇನು ಎಂದು ನೋಡುತ್ತೇನೆ. ಮೊದಲ ಕಂತಿನಲ್ಲೇ ಉಸಾಗಿ ಯೋಧೆಯಾದ ಮೇಲೂ ರಾಕ್ಷಸಿಯ ಎದುರು ಹೆದರಿ ಗೋಳೋ ಎಂದು ಅಳುತ್ತಾಳೆ. ಉಡುಪು ಬದಲಾಯಿತು, ಹೆಸರು ಬದಲಾಯಿತು, ಶಕ್ತಿ ಬಂತು. ಅಳು ಮಾತ್ರ ಅವಳದೇ. ಆ ಅಳುವಿನ ಅಬ್ಬರಕ್ಕೆ ರಾಕ್ಷಸಿಯೇ ಕಿವಿ ಮುಚ್ಚಿಕೊಳ್ಳಬೇಕಾಯಿತು.