ಕ್ರಿಸ್‌ಮಸ್ ಮರ

ಡಿಸೆಂಬರ್ 25ರ ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ಮನೆ, ಚರ್ಚು, ಊರ ಚೌಕಗಳಲ್ಲಿ ನಿಲ್ಲಿಸಿ ದೀಪ, ಗಾಜಿನ ಗುಂಡು, ತಿನಿಸುಗಳಿಂದ ಸಿಂಗರಿಸುವ ನಿತ್ಯಹಸಿರಿನ ಮರ. ಯೂರೋಪಿನಲ್ಲಿ ಇದಕ್ಕೆ ಬಳಸುವುದು ಹೆಚ್ಚಾಗಿ ಫರ್, ಸ್ಪ್ರೂಸ್, ಪೈನ್ ಜಾತಿಯ ಎಳೆಯ ಮರಗಳನ್ನು.

ಕ್ರಿಸ್ತಪೂರ್ವ ಕಾಲದ ವೃಕ್ಷಪೂಜೆಯೇ ಮುಂದೆ ಕ್ರಿಸ್‌ಮಸ್ ಮರವಾಯಿತೆಂಬ ಮಾತು ಬಲು ಜನಪ್ರಿಯ. ರೋಮನ್ನರು ಚಳಿಗಾಲದ ಹಬ್ಬಗಳಲ್ಲಿ ಹಸಿರು ಕೊಂಬೆ ಕಟ್ಟುತ್ತಿದ್ದುದು ನಿಜ. ಆದರೆ ಕೊಂಬೆ ಕಟ್ಟುವುದೇ ಬೇರೆ, ಇಡೀ ಮರವನ್ನು ಒಳಗೆ ತಂದು ಸಿಂಗರಿಸುವುದೇ ಬೇರೆ. ಇವೆರಡರ ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ. ಇದಕ್ಕಿಂತ ಹತ್ತಿರದ ಮೂಲವೆಂದರೆ ಮಧ್ಯಯುಗದ ಜರ್ಮನ್ ನಾಡುಗಳ ಸ್ವರ್ಗೋದ್ಯಾನದ ನಾಟಕ. ಆದಾಮ ಮತ್ತು ಈವರ ದಿನವಾದ ಡಿಸೆಂಬರ್ 24ರಂದು ಆಡುತ್ತಿದ್ದ ಈ ನಾಟಕಕ್ಕೆ ಹಣ್ಣು ತುಂಬಿದ ಮರವೊಂದು ಬೇಕಿತ್ತು. ಆ ಚಳಿಯಲ್ಲಿ ಸೇಬಿನ ಮರ ಬೋಳಾಗಿರುವುದರಿಂದ ಫರ್ ಮರಕ್ಕೇ ಸೇಬು ಕಟ್ಟುತ್ತಿದ್ದರು.

ಲಿಖಿತ ಚರಿತ್ರೆ ತೆರೆದುಕೊಳ್ಳುವುದು ಪಟ್ಟಣಗಳ ಲೆಕ್ಕದ ಪುಸ್ತಕಗಳಲ್ಲಿ. ಈಗ ಫ್ರಾನ್ಸಿಗೆ ಸೇರಿರುವ ಆಲ್ಸೇಸ್ ಪ್ರಾಂತದ ಸೆಲೆಸ್ತಾ ಪಟ್ಟಣದ 1521ರ ಕಡತದಲ್ಲಿ, ಹಬ್ಬದ ಹೊತ್ತಿಗೆ ಮರಗಳನ್ನು ಕಾಯಲು ಅರಣ್ಯದ ಕಾವಲುಗಾರರಿಗೆ 4 ಶಿಲಿಂಗ್ ಕೊಟ್ಟ ದಾಖಲೆಯಿದೆ. ಅಷ್ಟರಲ್ಲಾಗಲೇ ಕಳ್ಳಕಡಿತ ಶುರುವಾಗಿದ್ದಿರಬೇಕು. ಅದೇ ಪ್ರಾಂತದ ಆಮರ್ಷ್ವೀರ್‌ನಲ್ಲಿ 1561ರಲ್ಲಿ ಒಬ್ಬರಿಗೆ ಒಂದೇ ಮರ, ಅದೂ ಎಂಟು ಪಾದದ ಉದ್ದ ಮೀರಬಾರದೆಂಬ ಕಟ್ಟಳೆ ಹೊರಟಿತು. ಬ್ರೆಮೆನ್‌ನ ಕುಶಲಕರ್ಮಿಗಳು 1570ರ ಸುಮಾರಿಗೆ ತಮ್ಮ ಸಂಘದ ಭವನದಲ್ಲಿ ಸೇಬು, ಕಾಯಿಬೀಜ, ಖರ್ಜೂರ, ಕಾಗದದ ಹೂ ಕಟ್ಟಿದ ಮರ ನಿಲ್ಲಿಸುತ್ತಿದ್ದರು. ತಿನಿಸು ಹಬ್ಬದ ದಿನ ಮಕ್ಕಳ ಪಾಲು. ಸ್ಟ್ರಾಸ್‌ಬರ್ಗ್‌ನ ಮನೆಗಳೊಳಗೆ ಇಂಥ ಮರ ಕಂಡುದನ್ನು 1605ರಲ್ಲಿ ಹೆಸರು ತಿಳಿಸದ ಪ್ರವಾಸಿಯೊಬ್ಬ ಬರೆದಿಟ್ಟ. ಅದೇ ಊರಿನ ದೇವಶಾಸ್ತ್ರಜ್ಞ ಯೋಹಾನ್ ಡಾನ್‌ಹೌವರ್ ಇದನ್ನು ದೇವವಾಕ್ಯ ಮರೆಸುವ ಹುಡುಗಾಟವೆಂದು ಹಳಿದ.

ಮೇಣದ ಬತ್ತಿ ಬಂದದ್ದು ತಡವಾಗಿ, ಅದೂ ಬತ್ತಿಯ ಖರ್ಚು ತಾಳಬಲ್ಲ ಅರಮನೆ ಮತ್ತು ಶ್ರೀಮಂತರ ಮನೆಗಳಲ್ಲಿ. ನಕ್ಷತ್ರಗಳನ್ನು ಕಂಡು ಪ್ರಾಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಮೊದಲು ಮರಕ್ಕೆ ಬತ್ತಿ ಹಚ್ಚಿದನೆಂಬುದು 19ನೇ ಶತಮಾನದಲ್ಲಿ ಹಬ್ಬಿದ ಕಥೆ. ಅವನ ಕಾಲದ ಯಾವ ದಾಖಲೆಯೂ ಅದನ್ನು ಬೆಂಬಲಿಸುವುದಿಲ್ಲ. ಆದರೂ ಪ್ರಾಟೆಸ್ಟಂಟ್ ಮನೆಗಳಲ್ಲಿ ಮರ ಬೇರೂರಲು ಆ ಕಥೆ ನೆರವಾಯಿತು. ಕ್ರಿಸ್ತಜನನದ ದೃಶ್ಯವನ್ನು ಬೊಂಬೆಗಳಲ್ಲಿ ತೋರುವ ಗೋದಲಿಯನ್ನೇ ಹಬ್ಬದ ಕೇಂದ್ರವಾಗಿಸಿಕೊಂಡಿದ್ದ ಕ್ಯಾಥೋಲಿಕರು ಬಹುಕಾಲ ಇದನ್ನು ಎದುರುಪಕ್ಷದ ಆಚಾರವೆಂದೇ ನೋಡಿದರು. ವ್ಯಾಟಿಕನ್ನಿನ ಚೌಕದಲ್ಲಿ ಮರ ಎದ್ದದ್ದು 1982ರಲ್ಲಿ.

ಇಂಗ್ಲೆಂಡಿನಲ್ಲಿ ಜರ್ಮನ್ ಮೂಲದ ರಾಣಿ ಷಾರ್ಲಟ್ 1800ರಲ್ಲೇ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಮರ ಸಿಂಗರಿಸಿದ್ದಳು. ಜನ ಅದನ್ನು ಅನುಕರಿಸಲಿಲ್ಲ. ಅನುಕರಣೆಗೆ ಚಿತ್ರವೊಂದು ಬೇಕಾಯಿತು: 1848ರಲ್ಲಿ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ವಿಕ್ಟೋರಿಯಾ ರಾಣಿಯ ಸಂಸಾರ ಮರದ ಸುತ್ತ ನಿಂತ ಚಿತ್ರ ಅಚ್ಚುಮಾಡಿತು. ಅಮೆರಿಕದ 'ಗೋಡೀಸ್ ಲೇಡೀಸ್ ಬುಕ್' 1850ರಲ್ಲಿ ಅದನ್ನೇ ಮರುಮುದ್ರಿಸಿದಾಗ ರಾಣಿಯ ಕಿರೀಟವನ್ನೂ ಅವಳ ಗಂಡ ಆಲ್ಬರ್ಟನ ಮೀಸೆಯನ್ನೂ ಅಳಿಸಿತ್ತು. ರಾಜಮನೆತನ ಹೀಗೆ ಸಾಧಾರಣ ಅಮೆರಿಕನ್ ಸಂಸಾರವಾಯಿತು. ಪೆನ್ಸಿಲ್ವೇನಿಯಾದ ಜರ್ಮನ್ ವಲಸಿಗರಲ್ಲಿ ಮರದ ರೂಢಿ ಅದಕ್ಕೂ ಮೊದಲೇ ಇತ್ತು.

ಮುಂದಿನದು ವ್ಯಾಪಾರದ ಕಥೆ. ಜರ್ಮನಿಯ ತುರಿಂಗಿಯಾದ ಲೌಷಾ ಊರಿನ ಗಾಜು ಊದುವ ಕುಟುಂಬಗಳು ಮನೆಯಲ್ಲೇ ಗುಂಡು ಊದಿ, ಒಳಮೈಗೆ ಬೆಳ್ಳಿಲೇಪ ಹಚ್ಚಿ ಮಾರುತ್ತಿದ್ದವು. ಅವು 1880ರ ದಶಕದಲ್ಲಿ ವುಲ್‌ವರ್ತ್ ಅಂಗಡಿಗಳ ಮೂಲಕ ಅಮೆರಿಕದ ಬಡವರ ಮನೆಗೂ ತಲುಪಿದವು. ಒಣಗುತ್ತಿದ್ದ ಮರದ ಮೇಲೆ ಉರಿಯುವ ಬತ್ತಿ ಎಷ್ಟೋ ಮನೆಗಳನ್ನು ಸುಟ್ಟಿತ್ತು; ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡೇ ಹಚ್ಚುತ್ತಿದ್ದರು. ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬು ಕಟ್ಟಿದ.

ರಾಜಕೀಯವೂ ಮರವನ್ನು ಬಿಟ್ಟಿಲ್ಲ. ಸೋವಿಯತ್ ಒಕ್ಕೂಟ 1920ರ ದಶಕದ ಕೊನೆಗೆ ಇದನ್ನು ಧಾರ್ಮಿಕ ಪಳೆಯುಳಿಕೆಯೆಂದು ದೂರವಿಟ್ಟಿತು. 1935ರ ಡಿಸೆಂಬರ್ 28ರಂದು 'ಪ್ರಾವ್ಡಾ' ಪತ್ರಿಕೆಯಲ್ಲಿ ಪಕ್ಷದ ನಾಯಕ ಪಾವೆಲ್ ಪೋಸ್ತಿಷೆವ್ ಬರೆದ ಪತ್ರ ಬಂತು: ಕಾರ್ಮಿಕರ ಮಕ್ಕಳಿಗೇಕೆ ಈ ಸಂತೋಷ ಬೇಡ ಎಂಬುದು ಅದರ ತಾತ್ಪರ್ಯ. ಕೆಲವೇ ದಿನಗಳಲ್ಲಿ ಅದೇ ಮರ ಹೊಸವರ್ಷದ 'ಯೋಲ್ಕಾ' ಆಗಿ ಮರಳಿತು. ತುದಿಯಲ್ಲಿ ಬೆತ್ಲೆಹೆಮಿನ ತಾರೆಯ ಜಾಗಕ್ಕೆ ಕೆಂಪು ನಕ್ಷತ್ರ ಬಂತು. ಪೋಸ್ತಿಷೆವ್‌ನನ್ನು ಸ್ಟಾಲಿನ್ ಆಡಳಿತ 1939ರಲ್ಲಿ ಗುಂಡಿಕ್ಕಿ ಕೊಂದಿತು, ಯೋಲ್ಕಾ ಉಳಿಯಿತು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಆಸ್ಲೊ ನಗರ 1947ರಿಂದ ವರ್ಷವೂ ಒಂದು ಸ್ಪ್ರೂಸ್ ಕಳಿಸುತ್ತದೆ. ಅದು ಎರಡನೇ ಮಹಾಯುದ್ಧದ ಕಾಲದ ನೆರವಿಗೆ ನಾರ್ವೆಯ ಕೃತಜ್ಞತೆ.

ಕರ್ನಾಟಕದ ಬಯಲಿನಲ್ಲಾಗಲಿ ಕರಾವಳಿಯಲ್ಲಾಗಲಿ ಫರ್, ಸ್ಪ್ರೂಸ್ ಬೆಳೆಯುವುದಿಲ್ಲ. ಬೆಂಗಳೂರಿಗರು ಕ್ರಿಸ್‌ಮಸ್ ಮರವೆಂದು ಕರೆಯುವ, ಲಾಲ್‌ಬಾಗ್‌ನಲ್ಲಿ ಎತ್ತರಕ್ಕೆ ನಿಂತಿರುವ ಅರಾಕೇರಿಯಾ ದಕ್ಷಿಣ ಪೆಸಿಫಿಕ್ ದ್ವೀಪಗಳಿಂದ ಬಂದ ಬೇರೆಯೇ ಕುಟುಂಬದ ಸಸ್ಯ. ಗಾಳಿಮರದ ಕೊಂಬೆಯೂ ಎಷ್ಟೋ ಮನೆಗಳಲ್ಲಿ ಈ ಕೆಲಸಕ್ಕೆ ಒದಗಿದೆ. ಈಗ ಪೇಟೆಯ ಪ್ಲಾಸ್ಟಿಕ್ ಮರದ್ದೇ ಕಾರುಬಾರು. ಮಂಗಳೂರು ಕಡೆಯ ಕ್ಯಾಥೋಲಿಕ್ ಮನೆಗಳಲ್ಲಿ ಮಾತ್ರ ಗೋದಲಿಗೇ ಮೊದಲ ಮರ್ಯಾದೆ, ಮರ ಅದರ ಪಕ್ಕದ ಅಲಂಕಾರ.