ಖರ್ಜೂರಕ್ಕೆ ಒಗ್ಗದ ಮಣ್ಣು

ನವಿ ಮುಂಬೈಯಲ್ಲಿ ವಾಶಿಯಿಂದ ಬೇಲಾಪುರದವರೆಗೆ ಖಾಡಿಯ ಪಕ್ಕದಲ್ಲೇ ಹೋಗುವ ರಸ್ತೆಗೆ ಪಾಮ್ ಬೀಚ್ ರಸ್ತೆ ಅಂತ ಹೆಸರು. ಬೀಚ್ ಅಂತೂ ಇಲ್ಲ. ಇರುವುದು ಕೆಸರು ಮತ್ತು ಕಾಂಡ್ಲಾ ಗಿಡಗಳ ಕಾಡು. ಈ ರಸ್ತೆಗೆ ತಾಗಿಕೊಂಡ ಸೀವುಡ್ಸ್‌ನಲ್ಲಿ ನಾವಿರುವ ಸೊಸೈಟಿಯ ಗೇಟಿನ ಎರಡೂ ಕಡೆ ಆರು ವರ್ಷದ ಹಿಂದೆ ಖರ್ಜೂರದ ಮರಗಳನ್ನು ನೆಟ್ಟರು. ಸಸಿಯಲ್ಲ, ಬೆಳೆದ ಮರವನ್ನೇ ಬೇರುಗಡ್ಡೆ ಸಮೇತ ಲಾರಿಯಲ್ಲಿ ತಂದದ್ದು. ಚಂದಾ ಹೆಚ್ಚು ಕೊಟ್ಟವರು ನಾವೇ, ಮುಸ್ಲಿಂ ಮನೆಗಳವರು. ಎರಡನೇ ಮಳೆಗಾಲಕ್ಕೆ ಒಂದರ ಸುಳಿ ಕೊಳೆಯಿತು. ಇನ್ನೊಂದು ಬದುಕಿದೆ, ಒಂದು ಕಾಯಿ ಬಿಟ್ಟಿಲ್ಲ.

ಈಗ ಸತ್ತ ಮರದ ಜಾಗಕ್ಕೆ ಮತ್ತೊಂದು ಖರ್ಜೂರ ತರೋಣ, ಮತ್ತೆ ಚಂದಾ ಎತ್ತೋಣ ಅನ್ನುವ ಮಾತು ಎದ್ದಿದೆ. ನಾನು ಬೇಡ ಅಂದೆ. "ಏನ್ ಭಾಯಿಸಾಬ್, ಮದೀನಾದ ಮರ ಬೇಡ ಅಂತೀರಾ?" ಎಂದು ಒಬ್ಬರು ಕೇಳಿದರು. ಮೀಟಿಂಗಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಈ ನೆಲದ ಕಥೆ. 1970ರಲ್ಲಿ ಸಿಡ್ಕೋ ಹುಟ್ಟಿತು. ಥಾಣೆ ಮತ್ತು ರಾಯಗಡ ಜಿಲ್ಲೆಗಳ 95 ಹಳ್ಳಿಗಳ ಜಾಗ ಸೇರಿಸಿ ಹೊಸ ಊರು ಕಟ್ಟಲು ಹೊರಟಿತು. ಅದಕ್ಕೂ ಮುಂಚೆ ಈ ಖಾಡಿ ದಂಡೆಯಲ್ಲಿ ಆಗ್ರಿ ಮತ್ತು ಕೋಳಿ ಜನರ ಗದ್ದೆ, ಉಪ್ಪಿನ ಪಾತಿ, ಮೀನುಗಾರಿಕೆ. ಗದ್ದೆಯ ಸುತ್ತ ಮಣ್ಣಿನ ಬಾಂಧ್ ಕಟ್ಟಿ, ಅದರಲ್ಲಿ ಒಂದು ಬಾಗಿಲು ಇಡುತ್ತಿದ್ದರು. ಇಳಿತದಲ್ಲಿ ಒಳಗಿನ ನೀರು ಹೊರಗೆ ಹೋಗಬೇಕು, ಭರತದಲ್ಲಿ ಸಮುದ್ರದ ನೀರು ಒಳಗೆ ಬರಬಾರದು. ಮಳೆಗಾಲದ ಮೊದಲ ನೀರು ಉಪ್ಪನ್ನು ತೊಳೆದುಕೊಂಡು ಹೋದ ಮೇಲೆ ಉಪ್ಪು ತಾಳುವ ಭತ್ತ. ಇದಕ್ಕೆ ಖಾರ್ ಜಮೀನು ಅಂತ ಕರೆಯುತ್ತಾರೆ. 1948ರಷ್ಟು ಹಿಂದೆಯೇ ಮುಂಬೈ ಸರಕಾರ ಖಾರ್ ಜಮೀನಿಗೆಂದೇ ಕಾನೂನು ಮಾಡಿತ್ತು ಅಂದರೆ ಇದು ಎಷ್ಟು ದೊಡ್ಡ ಬೇಸಾಯವಾಗಿತ್ತು ನೋಡಿ. ಆಮೇಲೆ ಮಣ್ಣು ತುಂಬಿ ನೆಲ ಎತ್ತರಿಸಿದರು, ಭರತದ ನೀರು ತಡೆಯಲು ದೊಡ್ಡ ಕೊಳಗಳನ್ನು ಮಾಡಿದರು. ಮೇಲೆ ಕಟ್ಟಡ ಬಂತು, ಕೆಳಗಿನ ಕೆಸರು ಹಾಗೇ ಉಳಿಯಿತು. ಸತ್ತ ಮರವನ್ನು ಕಿತ್ತಾಗ ಕರಾವೆ ಊರಿನ ನಮ್ಮ ಮಾಲಿ ಕಾಕಾ ಗುಂಡಿಯ ನೀರನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟು ನೋಡಿ, "ಖಾರಟ್" ಅಂದರು. ಒಂದೂವರೆ ಮೊಳಕ್ಕೇ ಉಪ್ಪು ನೀರು.

ಉಪ್ಪು ಇದ್ದರೇನು, ಖರ್ಜೂರ ಉಪ್ಪು ತಾಳುತ್ತದಲ್ಲ ಎಂದರೆ, ಹೌದು, ಹಣ್ಣಿನ ಮರಗಳಲ್ಲಿ ಅದರಷ್ಟು ತಾಳುವುದು ಅಪರೂಪ. ಬಸ್ರಾದ ಕಡೆ ಶತ್ತುಲ್ ಅರಬ್ ನದಿಯ ದಂಡೆಯಲ್ಲಿ ಶತಮಾನಗಳಿಂದ ಖರ್ಜೂರದ ತೋಟಗಳಿವೆ. ಅಲ್ಲಿಯೂ ದಿನಕ್ಕೆ ಎರಡು ಸಲ ಭರತ. ಆದರೆ ಅಲ್ಲಿ ಹಿಂದೆ ಭರತವು ನದಿಯ ಸಿಹಿನೀರನ್ನೇ ಹಿಂದಕ್ಕೆ ತಳ್ಳಿ ಕಾಲುವೆಗಳಿಗೆ ಏರಿಸುತ್ತಿತ್ತು, ಇಳಿತದಲ್ಲಿ ಆ ನೀರು ಬೇರಿನ ಉಪ್ಪನ್ನೂ ಎಳೆದುಕೊಂಡು ವಾಪಸ್ಸು ಹೋಗುತ್ತಿತ್ತು. ಖರ್ಜೂರದ ಕಾಲು ನೀರಲ್ಲಿ, ತಲೆ ಬೆಂಕಿಯಲ್ಲಿ ಇರಬೇಕು ಅಂತ ಅರಬ್ಬರು ಹೇಳುವುದರಲ್ಲಿ ಈ ನೀರು ಹರಿಯುವ ನೀರು, ನಿಂತ ನೀರಲ್ಲ. ನಮ್ಮಲ್ಲಿ ನೀರು ನಿಲ್ಲುತ್ತದೆ. ಇನ್ನು ತಲೆಯ ಬೆಂಕಿ? ಹಣ್ಣು ಮಾಗುವ ಜೂನ್-ಜುಲೈಗೆ ಸರಿಯಾಗಿ ಮಳೆ ಹಿಡಿಯುತ್ತದೆ, ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ. ಮಳೆ ತೀರಾ ಕಡಿಮೆ ಇರುವ ಕಚ್ಛ್‌ನ ಮುಂದ್ರಾ ಕಡೆಯ ರೈತರು ಕೂಡ ಮಳೆಗೆ ಹೆದರಿ ಕಾಯಿ ಬಣ್ಣ ತಿರುಗಿದಾಗಲೇ, ಇನ್ನೂ ಗಟ್ಟಿ ಇರುವಾಗಲೇ ಕೊಯ್ದು ಮಾರುತ್ತಾರೆ.

ಖರ್ಜೂರದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ ಎಂಬುದೂ ನರ್ಸರಿಯವರು ನಮಗೆ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಮದೀನಾದ ರೈತರು ಗಂಡು ಹೂವನ್ನು ಹೆಣ್ಣು ಗೊನೆಗೆ ಕಟ್ಟುತ್ತಿದ್ದುದನ್ನು ಪ್ರವಾದಿ ಮುಹಮ್ಮದ್ (ಸ) ನೋಡಿದ್ದು, ಹಾಗೆ ಮಾಡದಿದ್ದರೆ ಒಳ್ಳೆಯದೇನೋ ಅಂದದ್ದು, ರೈತರು ಬಿಟ್ಟದ್ದು, ಆ ವರ್ಷ ಫಸಲು ಕುಸಿದದ್ದು ಸಹೀಹ್ ಮುಸ್ಲಿಂನಲ್ಲಿದೆ. ಲೋಕದ ಇಂಥ ವಿಷಯ ನಿಮಗೇ ಚೆನ್ನಾಗಿ ಗೊತ್ತು ಎಂದು ಆಗ ಅವರು ರೈತರಿಗೇ ಬಿಟ್ಟುಕೊಟ್ಟರು. ಮದೀನಾದ ಮರ ಬೇಡವಾ ಎಂದು ಕೇಳಿದವರಿಗೆ ನಾನು ಹೇಳಬೇಕಿದ್ದುದು ಇದನ್ನೇ.

ನಮ್ಮ ಕರಾವಳಿಗೆ ಬಂದ ಅರಬ್ಬರೂ ಇಲ್ಲಿನ ಮರವನ್ನೇ ನೆಚ್ಚಿದರು. 1340ರ ದಶಕದಲ್ಲಿ ಹೊನ್ನಾವರ, ಮಂಗಳೂರುಗಳನ್ನು ನೋಡಿದ ಇಬ್ನ್ ಬತೂತ ತೆಂಗನ್ನು ಖರ್ಜೂರದ ಥರದ್ದೇ ಮರ ಎಂದು ಬೆರಗಿನಿಂದ ವರ್ಣಿಸಿದ್ದಾನೆ. ಹಾಲು, ಎಣ್ಣೆ, ಬೆಲ್ಲದಂಥ ಪಾಕ ಎಲ್ಲವನ್ನೂ ಪಟ್ಟಿ ಮಾಡುತ್ತಾನೆ. ಅದರ ನಾರಿನ ಹಗ್ಗದಿಂದ ಹಡಗಿನ ಹಲಗೆಗಳನ್ನು ಹೊಲಿಯುವುದನ್ನೂ ಬರೆದಿದ್ದಾನೆ.

ತೆಂಗಾದರೆ ಎಲ್ಲೆಂದರಲ್ಲಿ ಬರುತ್ತದೆಯೇ? ಅದೂ ಇಲ್ಲ. ಟಿಪ್ಪು ಸುಲ್ತಾನ್ ಶಹೀದರಾದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿ ರೈತರ ಬಾಯಿಂದಲೇ ಬೇಸಾಯ ಬರೆದುಕೊಂಡ. ಬೆಂಗಳೂರು ಸೀಮೆಯ ತೆಂಗಿನ ಬಗ್ಗೆ ಅವನು ಬರೆದದ್ದು ಇವತ್ತಿಗೂ ಓದಬೇಕು. ಬಾವಿ ತೋಡಿದರೆ ಮೂರು ನಾಲ್ಕು ಮೊಳಕ್ಕೆ ನೀರು ಸಿಗುವ ಜಾಗ ಶ್ರೇಷ್ಠ. ಮಣ್ಣಿನಲ್ಲಿ ಮರುಳು, ಅಂದರೆ ಹಗುರ ಮರಳು ಮಣ್ಣು, ಮೊದಲು. ಕಪ್ಪು ಎರೆ ಎರಡನೆಯದು. ಕೆಂಪು ಕೆಬ್ಬೆ ಕೊನೆಗೆ. ಚೆನ್ನಾಗಿ ಆರೈಕೆ ಮಾಡಿದರೆ ಮೂರರಲ್ಲೂ ಬರುತ್ತದೆ. ಯುಗಾದಿಗೆ ಕಾಯಿಗಳನ್ನು ಮರಳಿನ ಪಾತಿಯಲ್ಲಿ ಹೂಳಬೇಕು, ಮೂರು ತಿಂಗಳಿಗೆ ಸಸಿ ಕೀಳಬೇಕು. ಇಪ್ಪತ್ತು ಅಡಿ ಅಂತರ, ಎರಡು ಅಡಿ ಆಳದ ಗುಂಡಿ, ತಳದಲ್ಲಿ ಏಳು ಅಂಗುಲ ಮರಳು. ಮಳೆ ಬಂದ ದಿನ ಬಿಟ್ಟು ಮೂರು ವರ್ಷ ದಿನಾ ನೀರು.

ತಿಪಟೂರಿನ ಹತ್ತಿರ ತೋಟ ಇರುವ ನಮ್ಮ ಚಾಚಾಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ನಕ್ಕರು. "ನಮ್ಮ ಅಬ್ಬಾನೂ ಗುಂಡಿ ತಳಕ್ಕೆ ಮರಳು ಹಾಕ್ತಿದ್ರು ಕಣಪ್ಪ, ಅವರೇನು ಇಂಗ್ಲಿಷ್ ಪುಸ್ತಕ ಓದಿದ್ರಾ?" ಸೀವುಡ್ಸ್‌ನ ನೀರಿನ ಮಾತು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ತೆಗೀಬೇಡ್ರಿ ಹಾಗಾದ್ರೆ, ದಿಬ್ಬ ಹಾಕ್ರಿ" ಅಂದರು. ಕೇರಳದ ಕುಟ್ಟನಾಡಿನಲ್ಲಿ ನೀರಿನ ನಡುವೆ ಬದುಗಳ ಮೇಲೆ ತೆಂಗು ಬೆಳೆಯುವುದೂ ಹೀಗೇ. ಉಪ್ಪಿಗೆ ತೆಂಗು ಅಷ್ಟು ಅಂಜುವುದಿಲ್ಲ, ಬೇರು ಉಸಿರಾಡಿದರೆ ಸಾಕು.

ಮುಂದಿನ ಮೀಟಿಂಗಿನಲ್ಲಿ ದಿಬ್ಬದ ಮಾತು ಇಟ್ಟೆ. ಖರ್ಜೂರ ಬೇಕೆಂದವರು ಪೂರ್ತಿ ಒಪ್ಪಿಲ್ಲ. ಗೇಟಿಗೆ ಅಂದ ಇರಲ್ಲ, ಕಾರಿನ ಮೇಲೆ ಕಾಯಿ ಬೀಳುತ್ತೆ ಅಂತ ಬೇರೆ ತಕರಾರು ಬಂತು. ಅದೂ ನಿಜವೇ, ಜಾಗ ಗೇಟಿನಿಂದ ಹಿಂದಿನ ಗೋಡೆಗೆ ಬದಲಾಯಿತು. ಮೂರು ವರ್ಷ ದಿನಾ ನೀರು ಹಾಕುವವರು ಯಾರು ಎಂದು ಸೆಕ್ರೆಟರಿ ಕೇಳಿದಾಗ ಎಲ್ಲರೂ ಮಾಲಿ ಕಾಕಾನ ಮುಖ ನೋಡಿದರು. ಅವರು ಮರಳು ಎಷ್ಟು ಬ್ರಾಸ್ ಬೇಕು ಅಂತ ಲೆಕ್ಕ ಹಾಕುತ್ತಿದ್ದರು.