ಐಕಾನ್: ಅಕ್ಷರ ಬೇಡದ ಭಾಷೆ, ಆದರೂ ಕಲಿಯಬೇಕಾದ ಭಾಷೆ

ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯಲ್ಲಿ ಒಂದು ವಸ್ತುವನ್ನೋ ಕೆಲಸವನ್ನೋ ಸೂಚಿಸುವ ಚಿಕ್ಕ ಚಿತ್ರವೇ ಐಕಾನ್. ಅರೇಬಿಕ್ ಬಾರದ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ನಮ್ಮವರು ಊರಿಗೆ ಫೋನ್ ಮಾಡೋದು, ಹಣ ಕಳಿಸೋದು ಎಲ್ಲ ಬಹುಪಾಲು ಈ ಚಿತ್ರಗಳನ್ನು ನೋಡಿಯೇ.

ಹುಟ್ಟಿದ ಬಗೆ

ಹಿಂದೆ ಕಂಪ್ಯೂಟರಿಗೆ ಪ್ರತಿ ಆಜ್ಞೆಯನ್ನೂ ಒಂದಕ್ಷರ ತಪ್ಪದೆ ಟೈಪ್ ಮಾಡಬೇಕಿತ್ತು. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇಂಥ ಚಿತ್ರಗಳನ್ನು ಐಕಾನ್ ಎಂದು ಕರೆದರು. ಅವರೂ ಸೇರಿ ರೂಪಿಸಿದ ಝೆರಾಕ್ಸ್ ಸ್ಟಾರ್ ಕಂಪ್ಯೂಟರ್ 1981ರಲ್ಲಿ ಮಾರುಕಟ್ಟೆಗೆ ಬಂತು. ಕಾಗದ, ಫೋಲ್ಡರ್, ಪ್ರಿಂಟರ್ ಹೀಗೆ ಆಫೀಸಿನ ಸಾಮಾನುಗಳೇ ಅದರ ಪರದೆಯ ಚಿತ್ರಗಳಾದವು. 1984ರ ಆ್ಯಪಲ್ ಮ್ಯಾಕಿಂಟಾಷ್‌ಗೆ ಸೂಸಾನ್ ಕೇರ್ ಬರೆದ ಐಕಾನ್‌ಗಳು ಉದ್ದಕ್ಕೆ 32, ಅಡ್ಡಕ್ಕೆ 32 ಚುಕ್ಕಿಗಳ ಚೌಕದಲ್ಲಿದ್ದವು, ಹೆಚ್ಚುಕಮ್ಮಿ ನಮ್ಮ ಚುಕ್ಕಿ ರಂಗೋಲಿಯ ಹಾಗೆ. ಆಜ್ಞೆಯನ್ನು ನೆನಪಿಟ್ಟು ಬರೆಯೋದಕ್ಕಿಂತ ಕಂಡ ಚಿತ್ರವನ್ನು ಗುರುತಿಸೋದು ಸುಲಭ. ಐಕಾನ್ ಗೆದ್ದದ್ದು ಇದರಿಂದಲೇ.

ಮೂರು ಬಗೆ

ಮೊದಲನೆಯದು ವಸ್ತುವಿನ ನೇರ ಚಿತ್ರ: ಕ್ಯಾಮೆರಾ, ಮೈಕ್. ಓದು ಬಾರದ ತಾಯಿ ಮೈಕ್ ಒತ್ತಿ ಮಗನಿಗೆ ದನಿ ಸಂದೇಶ ಕಳಿಸಬಹುದು.

ಎರಡನೆಯದು ಹೋಲಿಕೆ. ಸೇವ್ ಮಾಡಲು ಫ್ಲಾಪಿಯ ಚಿತ್ರ ಒತ್ತುತ್ತೇವೆ. ಫ್ಲಾಪಿ ಬಳಕೆ ನಿಂತುಹೋದರೂ ಚಿತ್ರ ಉಳಿದಿದೆ.

ಮೂರನೆಯದು ಬರೀ ರೂಢಿ. ಬ್ಲೂಟೂತ್ ಗುರುತು 10ನೇ ಶತಮಾನದ ಡೆನ್ಮಾರ್ಕ್ ದೊರೆ ಹೆರಾಲ್ಡ್ ಬ್ಲೂಟೂತ್ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಕೂಡಿಸಿದ್ದು. ಯಾರಾದರೂ ಹೇಳಿಕೊಡದೆ ಇಂಥದ್ದರ ಅರ್ಥ ತಿಳಿಯದು.

ಗಲ್ಫ್‌ನಲ್ಲಿ ಎಡವುವ ಜಾಗ

ಅರೇಬಿಕ್ ಬಲದಿಂದ ಎಡಕ್ಕೆ ಸಾಗುವ ಬರಹ. ಪರದೆ ಅರೇಬಿಕ್‌ನಲ್ಲಿದ್ದರೆ ಹಿಂದೆ ಹೋಗುವ ಬಾಣ ಸಾಮಾನ್ಯವಾಗಿ ಬಲಕ್ಕೆ ಮುಖ ಮಾಡಿರುತ್ತದೆ. ಎಡ ಬಾಣವೇ "ಹಿಂದಕ್ಕೆ" ಅಂತ ಒತ್ತಿದರೆ ಮುಂದಿನ ಹಂತಕ್ಕೆ ಹೋಗಿಬಿಡಬಹುದು. ಹಣ ಕಳಿಸುವಾಗ ಮೊದಲು ಭಾಷೆ ಬದಲಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಬೀಗದ ಚಿತ್ರ. ಬ್ರೌಸರ್‌ನಲ್ಲಿ ಬೀಗ ಕಂಡರೆ "ಈ ಸೈಟ್ ಅಸಲಿ" ಎಂದು ಹಲವರು ನಂಬುತ್ತಾರೆ. ಮಧ್ಯದಲ್ಲಿ ಬೇರೆಯವರು ಓದದಂತೆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತಿದೆ ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಮೋಸಗಾರನಾಗಿದ್ದರೂ ಬೀಗ ಇರುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ವಿಳಾಸಪಟ್ಟಿಯ ಬೀಗ ತೆಗೆದು ಬೇರೆ ಚಿತ್ರ ಹಾಕಿತು.

ಬ್ಯಾಂಕಿನ ಲೋಗೋವನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ ದುಡ್ಡಿನ ವಿಷಯದಲ್ಲಿ ಚಿತ್ರ ನೋಡಿ ದಾರಿ ಹಿಡಿದರೂ, ಕಳಿಸುವ ಬಟನ್ ಒತ್ತುವ ಮುಂಚೆ ಸೈಟಿನ ವಿಳಾಸ, ಪಡೆಯುವವರ ಹೆಸರು, ಖಾತೆ ಸಂಖ್ಯೆ, ಮೊತ್ತ ಈ ನಾಲ್ಕನ್ನು ಓದಿಯೇ ನೋಡಬೇಕು. ಓದಲು ಬಾರದವರು ರೂಮಿನಲ್ಲಿ ನಂಬಿಕಸ್ಥರೊಬ್ಬರಿಂದ ಓದಿಸಿಕೊಳ್ಳಲಿ. ಪಿನ್ ಮತ್ತು ಒಟಿಪಿ ಮಾತ್ರ ಅವರಿಗೂ ಹೇಳುವುದು ಬೇಡ.